ಆ ಸಾವು ಆಕಸ್ಮಿಕವೆ?

ಟಾಕೀಸಿನಲ್ಲಿ ಆಟ ಮುಗಿದು ಜನ ಹೊರಬೀಳುವಾಗ ಸಾಮಾನ್ಯವಾಗಿ ಒಂದೇ ಮಾತು ಕೇಳಿಬರುತ್ತದೆ. ನಾಯಕ ಒಳ್ಳೆಯವನು, ಖಳ ಕೆಟ್ಟವನು, ಕೊನೆಗೆ ನ್ಯಾಯ ಗೆದ್ದಿತು; ಕೊಟ್ಟ ಹಣಕ್ಕೆ ಮೋಸವಿಲ್ಲ. ಅಪರೂಪಕ್ಕೊಮ್ಮೆ ಬೇರೆ ತರದ ಚಿತ್ರ ಬರುತ್ತದೆ. ಒಬ್ಬ ನಕ್ಕಲ್ಲಿ ಇನ್ನೊಬ್ಬ ಸಿಡಿಮಿಡಿಗೊಳ್ಳುತ್ತಾನೆ. ಒಬ್ಬ ‘ಅದ್ಭುತ’ ಎಂದರೆ ಪಕ್ಕದವ ‘ತಲೆಬುಡ ತಿಳಿಯಲಿಲ್ಲ’ ಎನ್ನುತ್ತಾನೆ. ಮೂರನೆಯವ ಇಬ್ಬರನ್ನೂ ಬಯ್ದು ಮನೆಗೆ ಹೋಗುತ್ತಾನೆ. ಅಂಥ ಚಿತ್ರವೊಂದರ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದನ್ನು ನೋಡಿದವರ ಬಗ್ಗೆ, ಈ ವಾರ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಆ ಚಿತ್ರದ ಹೆಸರು ‘ಆಟದ ನಿಯಮ’. ಫ್ರೆಂಚ್ ಭಾಷೆಯಲ್ಲಿ ‘ಲಾ ರೆಗ್ಲ್ ದ್ಯು ಝು’. ನಿರ್ದೇಶಕ ಝಾನ್ ರೆನ್ವಾರ್. 1939ರ ಜುಲೈ 7ರಂದು ಪ್ಯಾರಿಸ್ ನಗರದಲ್ಲಿ ಅದು ಮೊದಲು ತೆರೆ ಕಂಡಿತು. ಅಂದು ಥಿಯೇಟರಿನಲ್ಲಿ ಸೀಟಿ, ಕೂಗು, ಬೈಗುಳ. ಒಬ್ಬ ಪ್ರೇಕ್ಷಕ ಪತ್ರಿಕೆಯೊಂದಕ್ಕೆ ಬೆಂಕಿ ಹಚ್ಚಿ ಕುರ್ಚಿಯನ್ನೇ ಸುಡಲು ಹೊರಟಿದ್ದನೆಂದು ರೆನ್ವಾರ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದೇ ಚಿತ್ರವನ್ನು ಇಂದು ಜಗತ್ತಿನ ಅತಿ ಶ್ರೇಷ್ಠ ಚಿತ್ರಗಳ ಸಾಲಿನಲ್ಲಿ ಕೂರಿಸುತ್ತಾರೆ.

ಎಂಬತ್ತು ವರ್ಷಕ್ಕೂ ಹಿಂದಿನ ಫ್ರೆಂಚ್ ಚಿತ್ರದ ಗಲಾಟೆಯನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂದು ಗಿರಣಿಯ ಸೋದರರೂ ಅಂಗಡಿಯ ಮಿತ್ರರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಈ ಚಿತ್ರವನ್ನು ತೆಗೆದವನು ಅದಕ್ಕೆ ಹಿಂದಿನ ವರ್ಷವಷ್ಟೇ ಕಾರ್ಮಿಕರ ಬಿಡಿಗಾಸಿನ ಬೆಂಬಲದಿಂದ ಚಿತ್ರ ತೆಗೆದಿದ್ದ ಮನುಷ್ಯ. ಆ ಜಗಳ ಕೇವಲ ಕಲೆಯ ಜಗಳವಾಗಿರಲಿಲ್ಲ. ಚಿತ್ರದ ಕೊನೆಗೆ ಬರುವ ಒಂದು ಮಾತಂತೂ ನಮ್ಮ ವಾಚಕರಿಗೆ ಚೆನ್ನಾಗಿ ಪರಿಚಯವಿರುವ ಮಾತು. ಆ ಮಾತಿಗೆ ಬರುವ ಮುನ್ನ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು.

1936ರ ಬೇಸಿಗೆಯಲ್ಲಿ ಫ್ರಾನ್ಸಿನ ದುಡಿಯುವ ಜನ ಎದ್ದು ನಿಂತಿದ್ದರು. ಎಡಪಕ್ಷಗಳ ಜನತಾ ರಂಗ ಚುನಾವಣೆಯಲ್ಲಿ ಗೆದ್ದು ಸಮಾಜವಾದಿ ಲೆಯೊಂ ಬ್ಲುಮ್ ಪ್ರಧಾನಿಯಾದರು. ಲಕ್ಷಾಂತರ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದ್ದರು. ಜೂನ್ 7ರಂದು ಮಾಲೀಕರು ಕಾರ್ಮಿಕ ಸಂಘದೊಂದಿಗೆ ಒಪ್ಪಂದಕ್ಕೆ ರುಜು ಹಾಕಬೇಕಾಯಿತು. ಮಜೂರಿ ಏರಿತು. ಅದರ ಬೆನ್ನಿಗೇ ವಾರಕ್ಕೆ 40 ಗಂಟೆಯ ದುಡಿಮೆ, ವರ್ಷಕ್ಕೆ 15 ದಿನ ಸಂಬಳ ಸಹಿತ ರಜೆ ಕಾನೂನಾದವು. ಸಮುದ್ರವನ್ನೇ ಕಾಣದಿದ್ದ ಎಷ್ಟೋ ಕುಟುಂಬಗಳು ಆ ವರ್ಷ ಮೊದಲ ಬಾರಿಗೆ ಸಮುದ್ರ ನೋಡಿದವು.

ರೆನ್ವಾರ್ ಆ ಜನರ ಜೊತೆಗಿದ್ದವರು. ಹೆಸರಾಂತ ವರ್ಣಚಿತ್ರಕಾರ ಓಗ್ಯುಸ್ತ್ ರೆನ್ವಾರರ ಮಗನಾದ ಅವರಿಗೆ ಹಣವಂತರ ಮನೆಯ ಬಳಕೆ ಹೊಸದಲ್ಲ. ಆದರೂ 1936ರಲ್ಲಿ ಕಮ್ಯುನಿಸ್ಟ್ ಪಕ್ಷದ ಚುನಾವಣೆಗಾಗಿ ‘ಬಾಳು ನಮ್ಮದು’ ಎಂಬ ಚಿತ್ರ ಮಾಡಿಸಿಕೊಟ್ಟರು. ಅದೇ ವರ್ಷ ತೆರೆಕಂಡ ‘ಶ್ರೀ ಲಾಂಝ್ ಮಾಡಿದ ಅಪರಾಧ’ದಲ್ಲಿ ಮೋಸಗಾರ ಮಾಲೀಕ ಓಡಿಹೋದ ಮೇಲೆ ಮುದ್ರಣಾಲಯದ ಕೆಲಸಗಾರರು ಸಹಕಾರ ಸಂಘ ಕಟ್ಟಿ ಅದನ್ನು ತಾವೇ ನಡೆಸುತ್ತಾರೆ. ಲಾಭ ಬಂದಾಗ ಮಾಲೀಕ ತಿರುಗಿ ಬರುತ್ತಾನೆ. ಲಾಂಝ್ ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಗಡಿಯ ಹೋಟೆಲೊಂದರಲ್ಲಿ ಕುಳಿತ ಸಾಮಾನ್ಯ ಜನ ಕಥೆ ಕೇಳಿ ತೀರ್ಪು ಕೊಟ್ಟು ಅವನನ್ನು ಗಡಿ ದಾಟಿಸುತ್ತಾರೆ. 1938ರಲ್ಲಿ ಬಂದ ‘ಲಾ ಮಾರ್ಸೆಯೆಸ್’ ಫ್ರೆಂಚ್ ಮಹಾಕ್ರಾಂತಿಯ ಚಿತ್ರ. ಅದಕ್ಕೆ ಹಣ ಕೂಡಿಸಲು ಕಾರ್ಮಿಕ ಸಂಘದ ಬೆಂಬಲದಿಂದ ಜನರಿಗೆ ಎರಡೆರಡು ಫ್ರಾಂಕಿನ ಚೀಟಿ ಮಾರಿದರು. ಚಿತ್ರ ಬಂದ ಮೇಲೆ ಟಿಕೆಟ್ಟಿನ ದರದಲ್ಲಿ ಆ ಹಣ ಮುರಿದುಕೊಳ್ಳುವ ಏರ್ಪಾಡು.

ಈ ಚಿತ್ರಗಳಲ್ಲಿ ಯಾರು ನಮ್ಮವರು, ಯಾರು ಎದುರಾಳಿ ಎಂಬುದರಲ್ಲಿ ಗೊಂದಲವಿಲ್ಲ. ಪ್ರೇಕ್ಷಕ ಚಪ್ಪಾಳೆ ತಟ್ಟಬೇಕಾದ ಜಾಗ ಅವನಿಗೇ ಗೊತ್ತಾಗುತ್ತದೆ.

ಆದರೆ ಕಾಲ ತಿರುಗಿತು. ಜನತಾ ರಂಗ ಒಡೆಯಿತು. 1938ರ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಧುರೀಣರು ಹಿಟ್ಲರನ ಮುಂದೆ ಕುಳಿತು ಚೆಕೋಸ್ಲೊವಾಕಿಯದ ಒಂದು ಭಾಗವನ್ನು ಅವನಿಗೆ ಬಿಟ್ಟುಕೊಟ್ಟು ಬಂದರು. ಶಾಂತಿ ಉಳಿಯಿತೆಂದು ಪ್ಯಾರಿಸ್ಸಿನಲ್ಲಿ ಜನ ಹೂವು ಎರಚಿದರು. ನವೆಂಬರಿನಲ್ಲಿ ದಲಾದಿಯೆ ಸರ್ಕಾರ ಸುಗ್ರೀವಾಜ್ಞೆಗಳ ಮೂಲಕ 40 ಗಂಟೆಯ ವಾರವನ್ನು ಸಡಿಲಿಸಿತು. ಅದನ್ನು ಪ್ರತಿಭಟಿಸಿ ನವೆಂಬರ್ 30ರಂದು ಕರೆದ ಸಾರ್ವತ್ರಿಕ ಮುಷ್ಕರವನ್ನು ಮುರಿದರು. ಎಷ್ಟೋ ಜನ ಕೆಲಸ ಕಳೆದುಕೊಂಡರು. ಇದಾದ ಕೆಲವೇ ತಿಂಗಳಿಗೆ, 1939ರ ವಸಂತದಲ್ಲಿ, ರೆನ್ವಾರ್ ‘ಆಟದ ನಿಯಮ’ವನ್ನು ತೆಗೆಯಲು ಕುಳಿತರು. ಗೆಳೆಯರೊಂದಿಗೆ ತಾವೇ ಕಟ್ಟಿದ ಹೊಸ ಕಂಪನಿಯ ಹಣ ಅದರಲ್ಲಿತ್ತು.

ಕಥೆಯನ್ನು ಚಿಕ್ಕದಾಗಿ ಹೇಳುವುದು ಕಷ್ಟ, ಪಾತ್ರಗಳು ಅಷ್ಟಿವೆ. ಆಂದ್ರೆ ಎಂಬ ವಿಮಾನವೀರ ಒಬ್ಬನೇ ಅಟ್ಲಾಂಟಿಕ್ ಸಾಗರ ದಾಟಿ ಪ್ಯಾರಿಸ್ಸಿನಲ್ಲಿ ಇಳಿಯುತ್ತಾನೆ. ಜನ ಮುತ್ತಿದ್ದಾರೆ, ರೇಡಿಯೋದವರು ಮಾತಾಡು ಎನ್ನುತ್ತಾರೆ. ಯಾವ ಹೆಂಗಸಿಗಾಗಿ ಈ ಸಾಹಸ ಮಾಡಿದೆನೋ ಅವಳೇ ಬಂದಿಲ್ಲವೆಂದು ಅವನು ದೇಶಕ್ಕೆಲ್ಲ ಕೇಳುವಂತೆ ಅಳಲು ತೋಡಿಕೊಳ್ಳುತ್ತಾನೆ. ಆ ಹೆಂಗಸು ಕ್ರಿಸ್ತೀನ್. ಅವಳ ಗಂಡ ರೊಬೇರ್ ಒಬ್ಬ ಮಾರ್ಕಿ. ನಮ್ಮ ಮಾತಿನಲ್ಲಿ ದೊಡ್ಡ ಜಹಗೀರದಾರನೆನ್ನಿ. ಕೀಲಿ ಕೊಟ್ಟರೆ ಹಾಡುವ ಯಂತ್ರದ ಗೊಂಬೆಗಳನ್ನು ಕೂಡಿಡುವುದು ಅವನ ಹುಚ್ಚು. ಅವನಿಗೆ ಝೆನೆವೀವ್ ಎಂಬ ಇನ್ನೊಬ್ಬಳ ಸಹವಾಸವೂ ಉಂಟು. ಇವರೆಲ್ಲರಿಗೂ ಬೇಕಾದವನು ಆಕ್ತಾವ್ ಎಂಬ ಗೆಳೆಯ. ಆ ಪಾತ್ರವನ್ನು ರೆನ್ವಾರ್ ತಾವೇ ವಹಿಸಿದ್ದಾರೆ.

ಎಲ್ಲರೂ ಸೊಲೋನ್ ಪ್ರಾಂತದ ಹಳ್ಳಿಯ ಬಂಗಲೆಗೆ ಬೇಟೆಗೆಂದು ಹೋಗುತ್ತಾರೆ. ಅಲ್ಲಿ ಕೆಳಮನೆಯಲ್ಲಿ ಇನ್ನೊಂದು ಕಥೆ ನಡೆದಿದೆ. ಕ್ರಿಸ್ತೀನಳ ದಾಸಿ ಲಿಸೆಟ್. ಅವಳ ಗಂಡ ಶುಮಾಕರ್ ಆ ಕಾಡಿನ ಕಾವಲುಗಾರ. ಅವನು ಹಿಡಿದು ತಂದ ಕಳ್ಳಬೇಟೆಗಾರ ಮಾರ್ಸೊನನ್ನು ಕಂಡು ಜಹಗೀರದಾರನಿಗೆ ಮೋಜೆನಿಸಿ ಮನೆಯ ಆಳಾಗಿ ನೇಮಿಸಿಕೊಳ್ಳುತ್ತಾನೆ. ಮಾರ್ಸೊ ಬಂದವನೇ ಲಿಸೆಟ್ಟಳ ಹಿಂದೆ ಬೀಳುತ್ತಾನೆ.

ಬೇಟೆಯ ದೃಶ್ಯ ಒಮ್ಮೆ ನೋಡಿದವರು ಮರೆಯುವುದಿಲ್ಲ. ಬಿಳಿ ಅಂಗಿ ತೊಟ್ಟ ಹಳ್ಳಿಯ ಆಳುಗಳು ಸಾಲಾಗಿ ನಡೆದು ಮರಕ್ಕೆ ಕೋಲು ಬಡಿಯುತ್ತ ಮೊಲಗಳನ್ನೂ ಕಾಡುಕೋಳಿಗಳನ್ನೂ ಬಯಲಿಗೆ ಅಟ್ಟುತ್ತಾರೆ. ಬಯಲಿನ ಆಚೆ ಬದಿಗೆ ದೊರೆಗಳು ಬಂದೂಕು ಹಿಡಿದು ನಿಂತಿದ್ದಾರೆ. ಒಂದಾದ ಮೇಲೊಂದು ಉರುಳುತ್ತವೆ. ಒಂದು ಮೊಲ ಕಾಲು ಮಡಿಸಿ, ಮೈ ನಡುಗಿಸಿ ಸಾಯುವುದನ್ನು ಕ್ಯಾಮರಾ ಮುಖ ತಿರುಗಿಸದೆ ತೋರಿಸುತ್ತದೆ.

ರಾತ್ರಿ ಬಂಗಲೆಯಲ್ಲಿ ವೇಷ, ಹಾಡು, ಕುಣಿತ. ರಂಗದ ಮೇಲೆ ಅಸ್ಥಿಪಂಜರದ ವೇಷದವರು ಕುಣಿಯುವಾಗಲೇ ಮೂಲೆಯಲ್ಲಿ ಗುಟ್ಟಿನ ಪ್ರಣಯಗಳು. ಶುಮಾಕರ್ ಪಿಸ್ತೂಲು ಹಿಡಿದು ಮಾರ್ಸೊನನ್ನು ಅತಿಥಿಗಳ ನಡುವೆಯೇ ಅಟ್ಟಿಸಿಕೊಂಡು ಓಡುತ್ತಾನೆ, ಗುಂಡು ಹಾರುತ್ತದೆ. ಇದೂ ನಾಟಕದ ಒಂದು ಭಾಗವೆಂದು ತಿಳಿದ ಅತಿಥಿಗಳೂ ಇದ್ದಾರೆ. ಜಹಗೀರದಾರ ಆ ಇಬ್ಬರನ್ನೂ ಅಲ್ಲಿಯೇ ಕೆಲಸದಿಂದ ತೆಗೆದುಹಾಕುತ್ತಾನೆ. ಕೆಲಸ ಹೋದ ಶುಮಾಕರ್ ಹೊರಗೆ ನಿಂತು ಅಳುತ್ತಾನೆ. ಗಳಿಗೆಯ ಹಿಂದೆ ಜೀವ ತೆಗೆಯಲು ಓಡುತ್ತಿದ್ದವನ ಪಕ್ಕದಲ್ಲಿ ಮಾರ್ಸೊ ಬಂದು ನಿಲ್ಲುತ್ತಾನೆ.

ಕೊನೆಗೆ ಆಗುವುದಿಷ್ಟು. ಲಿಸೆಟ್ಟಳ ಮೇಲುಹೊದಿಕೆ ಹೊದ್ದ ಕ್ರಿಸ್ತೀನಳನ್ನು ಕತ್ತಲಲ್ಲಿ ಕಂಡ ಶುಮಾಕರ್ ಅವಳನ್ನು ತನ್ನ ಹೆಂಡತಿಯೆಂದೇ ತಿಳಿಯುತ್ತಾನೆ. ಆಕ್ತಾವನ ಕೋಟು ತೊಟ್ಟು ಅವಳತ್ತ ಓಡಿಬಂದ ವಿಮಾನವೀರನನ್ನು ಗುಂಡಿಟ್ಟು ಕೆಡಹುತ್ತಾನೆ. ಬೇಟೆಯಲ್ಲಿ ಪ್ರಾಣಿ ಉರುಳಿದಂತೆ ಉರುಳಿದ ಎಂದು ಮಾರ್ಸೊ ಬಂದು ವರದಿ ಹೇಳುತ್ತಾನೆ. ಜಹಗೀರದಾರ ಮೆಟ್ಟಿಲ ಮೇಲೆ ನಿಂತು, ನಡುಗದ ದನಿಯಲ್ಲಿ ಅತಿಥಿಗಳಿಗೆ ತಿಳಿಸುತ್ತಾನೆ: ನಮ್ಮ ಕಾವಲುಗಾರ ಕಳ್ಳಬೇಟೆಗಾರನೆಂದು ತಿಳಿದು, ತನಗಿದ್ದ ಹಕ್ಕಿನಂತೆ ಗುಂಡು ಹಾರಿಸಿದ; ಇದೊಂದು ದುಃಖದ ಆಕಸ್ಮಿಕ; ದಯವಿಟ್ಟು ಒಳಗೆ ಬನ್ನಿ, ಚಳಿಯಿದೆ. ‘ಆಕಸ್ಮಿಕ’ ಎಂಬ ಮಾತಿಗೆ ಇದು ಹೊಸ ಅರ್ಥ ಎಂದು ಒಬ್ಬ ಅತಿಥಿ ಕೊಂಕು ನುಡಿಯುತ್ತಾನೆ. ಮುದಿ ಜನರಲ್ ಸಾಹೇಬ ಅವನ ಬಾಯಿ ಮುಚ್ಚಿಸುತ್ತಾನೆ. ಇಂಥ ಘನತೆಯವರು ಈಗ ಅಪರೂಪವಾಗುತ್ತಿದ್ದಾರೆ ಎಂದು ಜಹಗೀರದಾರನನ್ನು ಹೊಗಳುತ್ತಾನೆ. ಎಲ್ಲರೂ ಒಳಗೆ ಹೋಗುತ್ತಾರೆ. ಚಿತ್ರ ಮುಗಿಯುತ್ತದೆ.

ಇದನ್ನು ನೋಡಿ ಪ್ಯಾರಿಸ್ಸಿನ ಜನ ಏಕೆ ರೇಗಿದರು? ಮೊದಲನೆಯದಾಗಿ, ಯಾರನ್ನು ನೋಡಬೇಕೆಂದೇ ತಿಳಿಯುವುದಿಲ್ಲ. ಮುಂದೆ ಇಬ್ಬರು ಮಾತಾಡುತ್ತಿದ್ದರೆ ಹಿಂದಿನ ಬಾಗಿಲಲ್ಲಿ ಇನ್ನಿಬ್ಬರು ಜಗಳವಾಡುತ್ತಾರೆ; ಎರಡೂ ಒಂದೇ ನೋಟದಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಸಂತೆಯ ನಡುವೆ ನಿಂತವನಂತೆ ಪ್ರೇಕ್ಷಕ ತಾನೇ ಕಣ್ಣು ಹಾಯಿಸಿ ಆರಿಸಿಕೊಳ್ಳಬೇಕು. ಎರಡನೆಯದಾಗಿ, ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಪ್ರಹಸನವೆಂದು ನಗುತ್ತ ಕುಳಿತವನ ಮುಂದೆ ಹೆಣ ಬೀಳುತ್ತದೆ. ಮೂರನೆಯದಾಗಿ, ಬಯ್ಯಲು ಒಬ್ಬ ಖಳನಿಲ್ಲ, ಮೆಚ್ಚಲು ಒಬ್ಬ ನಾಯಕನಿಲ್ಲ. ಸಾಗರ ದಾಟಿದ ವೀರ ನೆಲದ ಮೇಲೆ ಮಗುವಿನಂತೆ ಹಟ ಮಾಡುತ್ತಾನೆ. ಹೆಂಡತಿಗೆ ಮೋಸ ಮಾಡುವ ಜಹಗೀರದಾರ ತನ್ನ ಹೊಸ ಸಂಗೀತದ ಯಂತ್ರವನ್ನು ಅತಿಥಿಗಳಿಗೆ ತೋರಿಸುವಾಗ ಮುಗ್ಧನಂತೆ ಬೆಳಗುತ್ತಾನೆ. ಕೊಂದವನನ್ನು ನೋಡಿದರೂ ಕನಿಕರ ಬರುತ್ತದೆ.

ಇಷ್ಟಾದರೂ, ಕೇವಲ ಅರ್ಥವಾಗದ ಚಿತ್ರಕ್ಕೆ ಯಾರೂ ಬೆಂಕಿ ಹಚ್ಚುವುದಿಲ್ಲ. ಎದ್ದು ಮನೆಗೆ ಹೋಗುತ್ತಾರೆ. ಬೆಂಕಿ ಹಚ್ಚಲು ಹೊರಟವನಿಗೆ ಏನೋ ಅರ್ಥವಾಗಿದೆ ಎಂದೇ ನಾವು ತಿಳಿಯುತ್ತೇವೆ. ಅಂದು ಬೆಲೆಯುಳ್ಳ ಕುರ್ಚಿಗಳಲ್ಲಿ ಕುಳಿತವರು ತಮ್ಮದೇ ಊಟದ ಮನೆಯನ್ನು, ತಮ್ಮದೇ ನಯವಾದ ಸುಳ್ಳುಗಳನ್ನು ಪರದೆಯ ಮೇಲೆ ಕಂಡರು. ಯುದ್ಧದ ಮೋಡ ಕವಿದಿದ್ದಾಗ ಇಂಥ ಕನ್ನಡಿ ಯಾರಿಗೆ ಬೇಕು? ಜ್ವಾಲಾಮುಖಿಯ ಮೇಲೆ ಕುಣಿಯುತ್ತಿದ್ದ ಸಮಾಜವದು ಎಂದು ರೆನ್ವಾರ್ ಮುಂದೆ ಹೇಳಿದ್ದುಂಟು. ಕುಣಿಯುವವರಿಗೆ ಕಾಲ ಕೆಳಗಿನ ಬಿಸಿ ತೋರಿಸಿದವನ ಮೇಲೆ ಸಿಟ್ಟು ಬರುವುದು ಸಹಜ.

ಬಲಪಂಥೀಯರ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಜಹಗೀರದಾರನ ಪಾತ್ರ ಮಾಡಿದ ಮಾರ್ಸೆಲ್ ದಾಲಿಯೊ ಯಹೂದಿ. ಅವನ ಹೆಂಡತಿಯ ಪಾತ್ರ ಮಾಡಿದ ನೋರಾ ಗ್ರೆಗೊರ್ ಆಸ್ಟ್ರಿಯಾದಿಂದ ಬಂದವಳು. ಫ್ರಾನ್ಸಿನ ಕುಲೀನ ಮನೆತನಕ್ಕೆ ಇವರು ಹೇಗೆ ಪ್ರತಿನಿಧಿಗಳಾದಾರು ಎಂಬುದು ಅವರ ಕೂಗು. ಆ ಕೂಗಿಗೆ ರೆನ್ವಾರ್ ಚಿತ್ರದಲ್ಲಿಯೇ ಉತ್ತರ ಬರೆದಿಟ್ಟಿದ್ದರು. ಕೆಳಮನೆಯಲ್ಲಿ ಆಳುಗಳು ಉಣ್ಣುತ್ತ, ಯಜಮಾನನ ತಾಯಿಯ ತಂದೆ ಯಹೂದಿಯೆಂದು ಹೀಯಾಳಿಸುತ್ತಾರೆ. ಆಗ ಅಡಿಗೆಯವ ಹೇಳುತ್ತಾನೆ: ಆಲೂಗಡ್ಡೆ ಬಿಸಿ ಬಿಸಿ ಇರುವಾಗಲೇ ಅದರ ಮೇಲೆ ಬಿಳಿ ದ್ರಾಕ್ಷಾರಸ ಸುರಿಯಲಿಲ್ಲವೆಂದು ಯಜಮಾನ ರುಚಿ ನೋಡಿಯೇ ಕಂಡುಹಿಡಿದು ತನ್ನನ್ನು ಗದರಿಸಿದ, ದೊಡ್ಡ ಮನುಷ್ಯನೆಂದರೆ ಹಾಗಿರಬೇಕು. ನಗೆ ಬರುವ ಮಾತು. ಆದರೆ ಮರುವರ್ಷ ಜರ್ಮನ್ ಸೇನೆ ಪ್ಯಾರಿಸ್ಸನ್ನು ಹಿಡಿದ ಮೇಲೆ ದಾಲಿಯೊನ ಮುಖವನ್ನೇ ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸಿ ಯಹೂದಿಯನ್ನು ಗುರುತಿಸುವ ಬಗೆ ಇದು ಎಂದು ಗೋಡೆಗೆ ಅಂಟಿಸಿದರು. ಅವನು ಅಷ್ಟರಲ್ಲಿ ದೇಶ ಬಿಟ್ಟು ಹೋಗಿದ್ದರಿಂದ ಬದುಕಿದ. ಅಡಿಗೆಮನೆಯ ಹೀಯಾಳಿಕೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಆ ಭಿತ್ತಿಪತ್ರ ತೋರಿಸಿತು.

ಕಾರ್ಮಿಕ ಚಳವಳಿಯ ಕಡೆಯಿಂದ ನೋಡುವವನಿಗೂ ಚಿತ್ರ ಸುಲಭದ ತುತ್ತಲ್ಲ. ‘ಲಾ ಮಾರ್ಸೆಯೆಸ್’ ತೆಗೆದವನ ಚಿತ್ರವೆಂದು ಆಸೆಯಿಂದ ಬಂದವನಿಗೆ ಇಲ್ಲಿ ತಲೆ ಎತ್ತಿ ನಿಂತ ಒಬ್ಬ ಕೆಲಸಗಾರನೂ ಸಿಗುವುದಿಲ್ಲ. ಆಳುಗಳು ಒಡೆಯರ ಚಾಳಿಯನ್ನೇ ಕಲಿತಿದ್ದಾರೆ. ಲಿಸೆಟ್ ಗಂಡನನ್ನಾದರೂ ಬಿಟ್ಟಾಳು, ಒಡತಿಯ ಸೇವೆ ಬಿಡಲೊಲ್ಲಳು. ಊಟದ ಪಂಕ್ತಿಯಲ್ಲಿ ಆಳುಗಳೊಳಗೂ ಮೇಲು ಕೀಳು. ‘ದುಡಿಯುವವರನ್ನು ಹೀಗೆ ತೋರಿಸಬಹುದೆ?’ ಎಂಬ ಆಕ್ಷೇಪಣೆ ಬಂದರೆ ಅದನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಉತ್ತರ ಇದು. ಸಂಘ ಕಟ್ಟಿದ ಕಾರ್ಮಿಕನನ್ನು ರೆನ್ವಾರ್ ಅರಿಯದವರಲ್ಲ. ಅವನನ್ನು ಮೂರು ಬಾರಿ ತೆರೆಗೆ ತಂದವರು. ಇಲ್ಲಿ ತೋರಿಸಿದ್ದು ಸಂಘವಿಲ್ಲದ ಮನೆಯಾಳುಗಳನ್ನು, ಒಬ್ಬೊಬ್ಬನೂ ಒಡೆಯನ ಕೃಪೆಯ ಮೇಲೆಯೇ ನಿಂತ ಜಾಗವನ್ನು. ಅಂಥ ಕಡೆ ಮನುಷ್ಯ ಒಡೆಯನ ಕಣ್ಣಿನಿಂದಲೇ ಲೋಕ ನೋಡುವುದನ್ನು ಕಲಿಯುತ್ತಾನೆ. ಇಬ್ಬರು ಕೂಲಿಯವರು ಒಂದು ಹೆಣ್ಣಿನ ನೆವದಲ್ಲಿ ಹೊಡೆದಾಡಿ, ಕೆಲಸ ಹೋದ ಮೇಲೆ ಮಾತ್ರ ಅಕ್ಕಪಕ್ಕ ನಿಂತು ತಮ್ಮಿಬ್ಬರ ಗತಿ ಒಂದೇ ಎಂದು ಕಾಣುತ್ತಾರೆ. ಅದನ್ನು ತೋರಿಸುವುದು ದುಡಿಯುವವರಿಗೆ ಅವಮಾನವಲ್ಲ. ಸಂಘಟನೆಯ ಕೆಲಸ ಮಾಡಿದ ಯಾರಿಗೂ ಅದು ಗೊತ್ತಿಲ್ಲದ ಸಂಗತಿಯಲ್ಲ. ಚಿತ್ರವೆಲ್ಲ ಕರಪತ್ರದಂತಿರಬೇಕೆಂದು ನಮ್ಮ ಕಡೆಯವರು ಬಯಸಿದರೆ ಅದೂ ಒಂದು ಕಟ್ಟುನಿಟ್ಟಿನ ‘ಆಟದ ನಿಯಮ’ವೇ ಆದೀತು.

ಇನ್ನು ವ್ಯಾಪಾರದ ಮಾತು. ಜನರ ಕೂಗಿಗೆ ಹೆದರಿದ ರೆನ್ವಾರ್, ಹಾಕಿದ ಹಣವಾದರೂ ಉಳಿಯಲೆಂದು, ಎಲ್ಲೆಲ್ಲಿ ಸೀಟಿ ಬಿತ್ತೋ ಅಲ್ಲಲ್ಲಿ ಚಿತ್ರವನ್ನು ಕತ್ತರಿಸುತ್ತ ಹೋದರು. ಒಂದೂವರೆ ಗಂಟೆಗೂ ಮೇಲಿದ್ದ ಚಿತ್ರ ಸುಮಾರು 80 ನಿಮಿಷಕ್ಕೆ ಇಳಿಯಿತು. ಆದರೂ ಜನ ಬರಲಿಲ್ಲ. ಕತ್ತರಿಸಿದಷ್ಟೂ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ನಮ್ಮ ಅಂಗಡಿಕಾರ ಮಿತ್ರರು ಇದನ್ನು ಬೇಗ ತಿಳಿಯಬಲ್ಲರು. ಗಿರಾಕಿ ಮೂಗು ಮುರಿದನೆಂದು ಧೋತರದ ಅಂಚು ಕತ್ತರಿಸಿದರೆ ಅದು ಆಮೇಲೆ ಧೋತರವೂ ಅಲ್ಲ, ಟವೆಲೂ ಅಲ್ಲ. ಸರಕು ಬೇಡವೆನ್ನುವ ಹಕ್ಕು ಗಿರಾಕಿಗೆ ಉಂಟು. ಟಿಕೆಟ್ಟಿಗೆ ಹಣ ಕೊಟ್ಟವನು ಚಿತ್ರ ಹಿಡಿಸಲಿಲ್ಲ ಎಂದರೆ ಅದು ತಪ್ಪಲ್ಲ. ಅವನನ್ನು ಮೂಢನೆಂದು ಜರೆಯುವ ಪಂಡಿತರ ಜೊತೆ ನಾವಿಲ್ಲ. ಆದರೆ ತನಗೆ ಬೇಡವಾದ ಸರಕು ಯಾರಿಗೂ ಸಿಗಬಾರದೆಂದು ಅಂಗಡಿಗೇ ಬೆಂಕಿಯಿಡುವ ಹಕ್ಕು ಯಾವ ಗಿರಾಕಿಗೂ ಇಲ್ಲ.

ಆ ಕೆಲಸವನ್ನು ಸರ್ಕಾರ ಮಾಡಿತು. ಜನರ ನೀತಿ ಕೆಡಿಸುತ್ತದೆ, ಧೈರ್ಯ ಕುಂದಿಸುತ್ತದೆ ಎಂದು 1939ರಲ್ಲಿಯೇ ಚಿತ್ರವನ್ನು ನಿಷೇಧಿಸಿತು. ನೀತಿ ಕೆಡಿಸಿದ್ದು ಚಿತ್ರವೋ, ಮ್ಯೂನಿಕ್‌ನಲ್ಲಿ ಹಾಕಿದ ರುಜುವೋ? ಧೈರ್ಯ ಕುಂದಿಸಿದ್ದು ರೆನ್ವಾರರೋ, ಮುಷ್ಕರ ಮುರಿದು ಕಾರ್ಮಿಕರನ್ನು ಬೀದಿಗೆ ತಳ್ಳಿದವರೋ? 1940ರ ಜೂನಿನಲ್ಲಿ ಪ್ಯಾರಿಸ್ ಜರ್ಮನರ ಕೈಸೇರಿತು. ಪ್ರಜೆಗಳ ಧೈರ್ಯದ ಹೆಸರಿನಲ್ಲಿ ಚಿತ್ರ ನಿಷೇಧಿಸಿದ ರಾಜ್ಯ ತನ್ನ ಸೋಲಿನ ಕಾರಣವನ್ನು ಬೇರೆ ಕಡೆ ಹುಡುಕಬೇಕಿತ್ತು. ಸೆನ್ಸಾರಿನ ಕತ್ತರಿ ಯಾರ ಕೈಯಲ್ಲಿದ್ದರೂ ಅದು ಮೊದಲು ಕತ್ತರಿಸುವುದು ಆಳುವವರಿಗೆ ಮುಜುಗರವಾಗುವ ಮಾತನ್ನೇ ಎಂಬುದು ನೆನಪಿರಲಿ.

ರೆನ್ವಾರ್ ಆ ವರ್ಷದ ಕೊನೆಗೆ ಅಮೆರಿಕ ಸೇರಿದರು. ಮುಂದೆ ‘ದಿ ರಿವರ್’ ಚಿತ್ರಕ್ಕಾಗಿ ಬಂಗಾಳಕ್ಕೂ ಬಂದರು. ಅಂದು ಅವರೊಂದಿಗೆ ಸುತ್ತಾಡಿದ ತರುಣರಲ್ಲಿ ಸತ್ಯಜಿತ್ ರಾಯ್ ಒಬ್ಬರು. ಇತ್ತ ‘ಆಟದ ನಿಯಮ’ದ ಮೂಲ ನೆಗೆಟಿವ್ 1942ರಲ್ಲಿ ಮಿತ್ರರಾಷ್ಟ್ರಗಳ ಬಾಂಬಿಗೆ ಸಿಕ್ಕಿ ನಾಶವಾಯಿತು. ಚಿತ್ರದ ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಯುದ್ಧ ಮುಗಿದು ಹತ್ತು ವರ್ಷವಾದ ಮೇಲೆ ಝಾನ್ ಗಾಬೊರಿ ಮತ್ತು ಝಾಕ್ ದ್ಯುರಾನ್ ಎಂಬ ಇಬ್ಬರು ಚಿತ್ರಪ್ರೇಮಿಗಳು ಹಟ ಹಿಡಿದರು. ಅಳಿದುಳಿದ ಇನ್ನೂರಕ್ಕೂ ಹೆಚ್ಚು ಡಬ್ಬಿಗಳಲ್ಲಿದ್ದ ಪಟ್ಟಿ, ಧ್ವನಿಯ ಚೂರುಗಳನ್ನು ಹುಡುಕಿ ತೆಗೆದು, ರೆನ್ವಾರರ ಒಪ್ಪಿಗೆ ಪಡೆದು, ಒಂದೊಂದಾಗಿ ಜೋಡಿಸಿದರು. 106 ನಿಮಿಷದ ಚಿತ್ರ ಸಿದ್ಧವಾಯಿತು. 1959ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಅದನ್ನು ತೋರಿಸಿದರು. ಇಪ್ಪತ್ತು ವರ್ಷದ ಹಿಂದೆ ಸೀಟಿ ಹೊಡೆಸಿಕೊಂಡ ಚಿತ್ರಕ್ಕೆ ಈಗ ಪ್ರಶಂಸೆ.

ಲಂಡನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ಜಗತ್ತಿನ ವಿಮರ್ಶಕರ ಮತ ಕೇಳುತ್ತದೆ. 1972, 1982, 1992 ಮೂರು ಬಾರಿಯೂ ಈ ಚಿತ್ರಕ್ಕೆ ಎರಡನೆಯ ಸ್ಥಾನ ಬಂತು. 2012ರಲ್ಲಿ ನಾಲ್ಕನೆಯದು, 2022ರಲ್ಲಿ ಹದಿಮೂರನೆಯದು. ಸ್ಥಾನ ಏರಲಿ ಇಳಿಯಲಿ, ಅದು ನಮಗೆ ಮುಖ್ಯವಲ್ಲ. ಹೊಗಳುವವರೂ ಚಿತ್ರವನ್ನು ಒಂದು ಬಗೆಯಲ್ಲಿ ಮೊಂಡು ಮಾಡಿದ್ದಾರೆಂಬುದು ಮುಖ್ಯ.

ಚಿತ್ರದಲ್ಲಿ ಆಕ್ತಾವ್ ಒಂದು ಮಾತು ಹೇಳುತ್ತಾನೆ. ಈ ಲೋಕದಲ್ಲಿ ಭಯಂಕರವಾದುದು ಒಂದೇ, ಪ್ರತಿಯೊಬ್ಬನಿಗೂ ಅವನವನ ಕಾರಣ ಇದೆ ಎಂಬುದು ಆ ಮಾತಿನ ತಾತ್ಪರ್ಯ. ಇದನ್ನು ಎತ್ತಿಕೊಂಡು, ‘ನೋಡಿ, ಎಂಥ ಔದಾರ್ಯ! ಯಾರನ್ನೂ ದೂರಬಾರದು, ಎಲ್ಲರನ್ನೂ ಕ್ಷಮಿಸಬೇಕು’ ಎಂದು ಪಂಡಿತರು ವ್ಯಾಖ್ಯಾನ ಮಾಡುವುದುಂಟು. ಅವರು ‘ಭಯಂಕರ’ ಎಂಬ ಮಾತನ್ನು ಬಿಟ್ಟು ಓದುತ್ತಾರೆ. ಎಲ್ಲರಿಗೂ ಕಾರಣವಿರುವುದು ಸಮಾಧಾನದ ಸಂಗತಿಯೆಂದು ಆಕ್ತಾವ್ ಹೇಳಲಿಲ್ಲ, ಭಯಂಕರ ಎಂದ. ಬಡ್ಡಿಯವನಿಗೂ ಕಾರಣವಿದೆ, ಮಜೂರಿ ಕಡಿಯುವವನಿಗೂ ಕಾರಣವಿದೆ. ಕಾರಣ ತಿಳಿಯುವುದು ಬೇರೆ, ಲೆಕ್ಕ ಚುಕ್ತಾ ಮಾಡುವುದು ಬೇರೆ. ಎದುರಿನವನ ಕಾರಣ ತಿಳಿದು ಮಾತುಕತೆಗೆ ಕೂತವನು ಹೆಚ್ಚು ಗಟ್ಟಿಯಾಗಿ ಕೇಳಬಲ್ಲ, ಅಷ್ಟೆ.

ಚಿತ್ರ ಲೆಕ್ಕವನ್ನು ಮುಚ್ಚಿಟ್ಟಿಲ್ಲ. ಕಣ್ಣಿಟ್ಟು ನೋಡಿದರೆ ಸಿಗುತ್ತದೆ. ರಾತ್ರಿಯೆಲ್ಲ ಆಡಿದ ಆಟದ ಬೆಲೆ ಯಾರು ತೆತ್ತರು? ಸುಳ್ಳು ಹೇಳಲು ಬಾರದ ವಿಮಾನವೀರ ಸತ್ತ. ಮಾರ್ಸೊ ಕಾಡಿಗೆ ಹಿಂತಿರುಗಿದ. ಆಕ್ತಾವ್ ಕೈಬೀಸಿಕೊಂಡು ಊರ ದಾರಿ ಹಿಡಿದ. ಕೆಲಸದಿಂದ ತೆಗೆದ ಶುಮಾಕರ್ ಮತ್ತೆ ‘ನಮ್ಮ ಕಾವಲುಗಾರ’ನಾದ, ಏಕೆಂದರೆ ಈಗ ಒಡೆಯನಿಗೆ ಅವನ ಬಂದೂಕಿಗೊಂದು ಅಧಿಕೃತ ಕಾರಣ ಬೇಕು. ಗುಂಡು ಹಾರಿಸುವ ಹಕ್ಕು ಅವನಿಗಿತ್ತು ಎಂಬ ಮಾತನ್ನು ಗಮನಿಸಿ. ಹೊಟ್ಟೆಗಾಗಿ ಮೊಲ ಹಿಡಿಯುವವನ ಮೇಲೆ ಗುಂಡು ಹಾರಿಸುವುದು ಆ ಕಾಡಿನಲ್ಲಿ ಹಕ್ಕು. ಅಲ್ಲಿ ಬಿದ್ದವನು ಮಾರ್ಸೊ ಆಗಿದ್ದರೆ ‘ದುಃಖದ ಆಕಸ್ಮಿಕ’ ಎಂಬ ಎರಡು ಮಾತೂ ಖರ್ಚಾಗುತ್ತಿರಲಿಲ್ಲ. ಒಡೆಯರು ಮಾತ್ರ ಚಳಿಯಾಗುವ ಮುನ್ನ ಒಳಗೆ ಹೋದರು.

ಈಗ ನಾವು ಮೊದಲು ಹೇಳಿದ ಆ ಮಾತಿಗೆ ಬಂದೆವು. ‘ಆಕಸ್ಮಿಕ’. ಯಂತ್ರದ ಹಲ್ಲಿಗೆ ರಕ್ಷಣೆಯ ತಗಡು ಹಾಕಿಸದೆ ಬಿಟ್ಟು, ಕೆಲಸಗಾರನ ಬೆರಳು ಹೋದ ದಿನ ಪುಸ್ತಕದಲ್ಲಿ ಬರೆಯುವ ಮಾತು ಇದು. ಬಾಯ್ಲರಿನ ತಪಾಸಣೆ ಮುಂದೂಡಿ, ಅದು ಸಿಡಿದ ಮರುದಿನ ಹೇಳಿಕೆ ಕೊಡುವ ಮಾತು ಇದು. ಪ್ರತಿಯೊಬ್ಬನನ್ನೂ ವಿಚಾರಿಸಿ ನೋಡಿ. ಪ್ರತಿಯೊಬ್ಬನಿಗೂ ಅವನವನ ಕಾರಣವಿರುತ್ತದೆ. ಮೇಸ್ತ್ರಿಗೆ ಉತ್ಪಾದನೆಯ ಅವಸರ, ಮ್ಯಾನೇಜರನಿಗೆ ಮೇಲಿನ ಒತ್ತಾಯ, ಮಾಲೀಕನಿಗೆ ಮಾರುಕಟ್ಟೆಯ ಚಿಂತೆ. ಯಾರೊಬ್ಬರೂ ರಾಕ್ಷಸರಲ್ಲ. ಆದರೂ ಬೆರಳು ಹೋಗಿದೆ. ಖಳನಿಲ್ಲದೆಯೂ ಕೊಲೆ ನಡೆಯಬಲ್ಲದು. ಒಬ್ಬೊಬ್ಬನೂ ಅಲ್ಲಿನ ನಿಯಮದಂತೆ ನಡೆದುಕೊಂಡರೆ ಸಾಕು. ರೆನ್ವಾರ್ ಖಳನನ್ನು ಕೊಡದೆ ಇದ್ದುದರ ಅರ್ಥ ಇದೆಂದು ನಾವು ತಿಳಿದಿದ್ದೇವೆ. ಖಳನೊಬ್ಬನನ್ನು ಕೊಟ್ಟಿದ್ದರೆ ಪ್ರೇಕ್ಷಕ ಅವನಿಗೆ ಶಾಪ ಹಾಕಿ, ನಿಯಮಗಳನ್ನು ಹಾಗೆಯೇ ಬಿಟ್ಟು, ಹಗುರಾಗಿ ಮನೆಗೆ ಹೋಗುತ್ತಿದ್ದ.

1939ರ ಪ್ರೇಕ್ಷಕ ಹಾಗೆ ಹಗುರಾಗಿ ಹೋಗಲಾರದೆ ಕೂಗಿದ. ಅವನ ಕೂಗಿನಲ್ಲಿ, ಮುಂದೆ ಬಂದ ಎಷ್ಟೋ ಹೊಗಳಿಕೆಗಳಿಗಿಂತ ಹೆಚ್ಚಿನ ತಿಳಿವಳಿಕೆ ಇತ್ತೆಂದರೆ ತಪ್ಪಾಗಲಾರದು.

ಚಿತ್ರವನ್ನು 2021ರಲ್ಲಿ ಮತ್ತೊಮ್ಮೆ ಶುದ್ಧಗೊಳಿಸಿದ್ದಾರೆ. ನಮ್ಮ ಸಂಘಗಳ ತರುಣರು ಎಲ್ಲಿಯಾದರೂ ಒಂದು ಕೋಣೆ, ಒಂದು ಪರದೆ ಹೊಂದಿಸಿ ಇದನ್ನು ತೋರಿಸಲಿ ಎಂಬುದು ನಮ್ಮ ಸೂಚನೆ. ನೋಡಿದವರಲ್ಲಿ ಅರ್ಧ ಜನ ಬಯ್ಯುತ್ತಾರೆ, ಬಯ್ಯಲಿ. ‘ಒಂದೂ ತಿಳಿಯಲಿಲ್ಲ’ ಎನ್ನುವವನಿಗೆ ಪಾಠ ಹೇಳಲು ಹೋಗಬಾರದು. ಎಲ್ಲಿ ಬೇಸರವಾಯಿತು, ಯಾರ ಮೇಲೆ ಸಿಟ್ಟು ಬಂತು ಎಂದು ಕೇಳಬೇಕು. ಆ ಮೇಲೆ ಜಹಗೀರದಾರನ ಕೊನೆಯ ಹೇಳಿಕೆಯನ್ನು ಎಲ್ಲರ ಮುಂದಿಟ್ಟು ಒಂದೇ ಪ್ರಶ್ನೆ ಹಾಕಬೇಕು: ಆ ಸಾವು ಆಕಸ್ಮಿಕವೆ? ಚಿತ್ರ ನೋಡಿ ಬೇರೆ ಬೇರೆ ಮಾತಾಡಿದವರು ಈ ಪ್ರಶ್ನೆಗೆ ಏನು ಹೇಳುತ್ತಾರೆಂಬುದನ್ನು ಕೇಳಲು ನಾವೂ ಬರುತ್ತೇವೆ.